ಕೌದಿ ಖೋಲಿಯಲ್ಲಿ ಹಾಡಿದವನು

ಮಕ್ಕಳೇ, ದಸರಾ ರಜೆಗೆ ಬಂದಾಗ ನೀವಿಬ್ಬರೂ ಮೊಬೈಲನ್ನು ನನ್ನ ಕಿವಿಗೆ ಹಿಡಿದು ಒಂದು ಹಾಡು ಕೇಳಿಸಿದಿರಿ. ‘ಅತ್ತಿ ಮನಿ ಬಾಗಿಲಿಗೆ ಎರಡು ಕಾಲು ಅದಾವ, ಕರದ್ರ ಬಾಗಿಲು ಕೆಮ್ಮತೈತಿ’ ಎಂಬಲ್ಲಿಗೆ ಬಂದಾಗ ನಿಲ್ಲಿಸಿ, “ಅಜ್ಜಿ, ಇದು ನೀನಂತ ಹೌದಾ? ದೋಣಿಮಲೈ ಸ್ಕೂಲ್ ಬಸ್ಸಿನಾಗ ಎಲ್ಲಾರೂ ಇದನ್ನ ಹಾಡ್ತಾರ” ಎಂದು ಕೇಳಿದಿರಿ. ನಾನು ಅಕ್ಕಿ ಆರಿಸುತ್ತಿದ್ದ ಮೊರ ಎತ್ತಿಕೊಂಡು ಒಳಗೆ ಹೋಗಿಬಿಟ್ಟೆ. ಮಾರನೆಯ ದಿನ ನಿಮ್ಮ ಬಸ್ಸು ಬಂತು, ನೀವು ಹೋದಿರಿ. ಆ ಒಂದು ಹಾಡು ಬಿಟ್ಟು ಉಳಿದವನ್ನು ನಾವು ಕೂಡಿ ಕೇಳಲೇ ಇಲ್ಲ.

ಹೌದು, ಆ ಬಾಗಿಲು ನಾನೇ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಹೊರಗಿನವರು ಯಾರೇ ಬಂದರೂ ನಾನು ಬಾಗಿಲ ಹಿಂದೆ ನಿಂತು, “ಮನಿಯಾಗ ಯಾರೂ ಇಲ್ರಿ” ಎನ್ನುತ್ತಿದ್ದೆ. ಯಾರೂ ಇಲ್ಲದ ಮನೆಯಲ್ಲಿ ಮಾತಾಡಿದವರು ಯಾರು ಎಂದು ಕೇಳುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ. ಆ ಹಾಡು ಕಟ್ಟಿದವನೊಬ್ಬನಿಗೆ ಇತ್ತು. ಅವನ ಬಗ್ಗೆ ಬಾಯಲ್ಲಿ ಹೇಳು ಎಂದರೆ ನನ್ನಿಂದ ಆಗುವುದಿಲ್ಲ, ನಾಲ್ಕು ಜನರ ಮುಂದೆ ನನ್ನ ನಾಲಿಗೆ ಅಂಟಿಕೊಳ್ಳುತ್ತದೆ. ಏಳನೆಯ ಇಯತ್ತೆಯ ತನಕ ಓದಿದ ಕೈ ಇದು, ಅಕ್ಷರ ದುಂಡಗೆ ಬರುತ್ತದೆ. ಅದಕ್ಕೇ ಈ ನೋಟ್‌ಬುಕ್.

ಅವನ ಹೆಸರು ಬರೆಯುವುದಿಲ್ಲ. ಮೊಬೈಲಿನಲ್ಲಿ ನೀವು ನೋಡಿದ್ದು ಅವನೇ ಇಟ್ಟುಕೊಂಡ ಹೆಸರು. ಅವನ ಅವ್ವ ಇಟ್ಟದ್ದು ಬೇರೆ, ಅದು ಅವಳ ಹತ್ತಿರವೇ ಇರಲಿ.

ಅವನು ಕಮಲಾಪುರದಿಂದ ಹಂಪಿಗೆ ಆಟೋ ಓಡಿಸುತ್ತಿದ್ದ. ಒಬ್ಬನೇ ಹಾಕಿಕೊಂಡರೂ ಇಬ್ಬರು ಹಿಡಿಯುವಂಥ ಅಂಗಿ. ಅವನಿಗೆ ಗಡ್ಡ ಬಿಡುವ ಆಸೆ ಇತ್ತು, ಗಡ್ಡಕ್ಕೆ ಬರುವ ಆಸೆ ಇರಲಿಲ್ಲ. ಬೆರಳುಗಳು ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಆಟೋದ ಹ್ಯಾಂಡಲ್ಲಾಗಲಿ, ನನ್ನ ಒರಳಾಗಲಿ, ಬಾಳೆಗೊನೆಯಾಗಲಿ, ಕೈಗೆ ಸಿಕ್ಕಿದ್ದರ ಮೇಲೆ ತಾಳ ಹಾಕುತ್ತಿದ್ದ. ಅವನ ಆಟೋದಲ್ಲಿ ಜಗಳಾಡಿಕೊಂಡು ಕುಳಿತ ಗಂಡಹೆಂಡತಿ ಇಳಿಯುವಾಗ ತಮ್ಮದೇ ಜಗಳವನ್ನು ತಾಳದಲ್ಲಿ ಕೇಳಿಸಿಕೊಳ್ಳಬೇಕಾಗುತ್ತಿತ್ತು. ಕೆಲವರು ನಗುತ್ತಿದ್ದರು. ಕೆಲವರು ಮುಂದಿನ ಸಲ ಬಿಸಿಲಲ್ಲಿ ನಡೆದು ಹೋಗುತ್ತಿದ್ದರು.

ನಮ್ಮ ಮನೆಗೆ ಅವನು ಬಂದದ್ದು ಚಿಂದಿಯ ಜೊತೆಗೆ. ನಾನು ಕೌದಿ ಹೊಲಿಯುವುದು ನಿಮಗೆ ಗೊತ್ತು. ಕಂಪ್ಲಿಯ ಟೇಲರುಗಳ ಹತ್ತಿರ ಉಳಿದ ಬಟ್ಟೆಯ ಚೂರುಗಳನ್ನು ಚೀಲದಲ್ಲಿ ತುಂಬಿ ಬಸ್ಸಿಗೆ ಹಾಕುತ್ತಾರೆ. ಅಂದು ಆ ಚೀಲವನ್ನು ಬಸ್‌ಸ್ಟ್ಯಾಂಡಿನಿಂದ ತಂದವನು ಅವನು. ನಾನು ಬಾಗಿಲ ಹಿಂದಿನಿಂದ, “ಅಲ್ಲೇ ಇಡಪ” ಎಂದೆ. ಆಮೇಲೆ ಕೌದಿ ಒಟ್ಟುವ ಖೋಲಿಗೆ ಸರಿದು, “ಹೋಗಿ ಬಾ ಮತ್ತ” ಎಂದೆ.

ಅವನು ಹೋಗಲಿಲ್ಲ. “ಅಮ್ಮಾರ, ಇನ್ನೊಂದು ಸಲ ಮಾತಾಡ್ರಿ” ಎಂದ.

“ಯಾಕಪ?”

“ಮುಂದಿನ ಖೋಲಿಯಾಗ ನಿಮ್ಮ ದನಿ ಗುಂಯ್ ಅಂತು. ಆ ಖೋಲಿಗೆ ಹೋದ ಕೂಡ್ಲೇ ಡಬ್ಬಿಯಾಗ ಹಾಕಿ ಮುಚ್ಚಿದಂಗಾತು.” ಹೊರಗಿನಿಂದಲೇ ಕತ್ತು ಉದ್ದ ಮಾಡಿ ಒಳಗೆ ನೋಡಿದ. ಗೋಡೆಯುದ್ದಕ್ಕೂ ಕೌದಿಗಳು, ಹಗ್ಗದ ಮೇಲೆ ಕೌದಿಗಳು, ಹಿತ್ತಲ ಕಿಟಕಿಗೂ ಒಂದು ಕೌದಿ. “ಭಾಳ ಮೂಕ ಖೋಲಿ ಐತ್ರಿ ಇದು! ಹೊಸಪೇಟೆ ಸ್ಟುಡಿಯೋದಾಗ ಗ್ವಾಡಿಗೆ ಸ್ಪಂಜ್ ಬಡದಿರ್ತಾರ, ಆದ್ರೂ ಇಷ್ಟು ಮೂಕ ಆಗಂಗಿಲ್ಲ. ಮಧ್ಯಾಹ್ನ ಒಂದು ತಾಸು ಕೊಡ್ರಿ, ಹಾಡು ತುಂಬಿಸ್ಕೋತೀನಿ.”

ಇಲ್ಲ ಎನ್ನಬೇಕಾದರೆ ಕಾರಣ ಹೇಳಬೇಕು. ಹೂಂ ಎನ್ನಲು ತಲೆ ಆಡಿಸಿದರೆ ಸಾಕು. ನಾನು ತಲೆ ಆಡಿಸಿದೆ. ಖೋಲಿಯ ಬಾಗಿಲ ಹಿಂದೆ ಆಡಿಸಿದ್ದು ಅವನಿಗೆ ಹೇಗೆ ಕಾಣಬೇಕು? ಬಾಗಿಲು ಸ್ವಲ್ಪ ಅಲುಗಿತಂತೆ, ಅದರಿಂದ ತಿಳಿಯಿತಂತೆ.

“ಆದ್ರ ಅದಕ್ಕ ಒಳಗ ಬರಬೇಕಾಗತೈತಲ್ರಿ” ಎಂದ, ಮುಖದಲ್ಲಿ ಒಂದಿಷ್ಟೂ ನಗು ಇಲ್ಲದೆ.

ಇಲ್ಲಿ ಒಂದು ಮಾತು ಬರೆಯಲೇಬೇಕು. ನಮ್ಮ ಹಿತ್ತಲ ಹಿಂದಿನ ಕಾಲುವೆ ನಿಮಗೆ ಗೊತ್ತು. ಅವನ ಮನೆ ಇದ್ದದ್ದು ಆಚೆ ದಂಡೆಯ ಓಣಿಯಲ್ಲಿ, ಗೋಡೆಗೆ ಬುದ್ಧನ ಫೋಟೋ ಹಾಕಿಕೊಂಡ ಮನೆಗಳಲ್ಲಿ. ಆ ಓಣಿಯವರು ನಮ್ಮ ಹೊಲಕ್ಕೆ ಬರುತ್ತಿದ್ದರು, ಹಿತ್ತಲಿಗೆ ಬರುತ್ತಿದ್ದರು, ಹೊಸ್ತಿಲು ದಾಟುತ್ತಿರಲಿಲ್ಲ. ದಾಟಬೇಡಿ ಎಂದು ನಾನು ಒಮ್ಮೆಯೂ ಹೇಳಿದವಳಲ್ಲ. ದಾಟಿ ಬನ್ನಿ ಎಂದೂ ಹೇಳಿದವಳಲ್ಲ. ಓದಿ ನಿಮಗೆ ನಾಚಿಕೆಯಾದರೆ ಆಗಲಿ, ಬರೆಯುವಾಗ ನನಗೂ ಆಗುತ್ತಿದೆ.

“ಬಾ” ಎಂದೆ. ಅವನು ಚಪ್ಪಲಿ ಬಿಟ್ಟು ಬಂದ. ಓಣಿಯಲ್ಲಿ ನಾಲ್ಕು ದಿನ ಮಾತಾಯಿತು. ನನಗೆ ಎದುರು ಮಾತಾಡಲು ಬರುವುದಿಲ್ಲವಾದ್ದರಿಂದ ಅದು ತಾನಾಗಿ ನಿಂತುಹೋಯಿತು. ಅಮ್ಮಾರು ಎನ್ನುತ್ತಿದ್ದವನು ವಾರದೊಳಗೆ ಅತ್ತಿ ಎನ್ನತೊಡಗಿದ.

ಅಂದಿನಿಂದ ಎರಡು ವರ್ಷ, ಹಂಪಿಯಲ್ಲಿ ಬಿಸಿಲಿಗೆ ಪ್ರವಾಸಿಗಳು ಕಡಿಮೆಯಾಗುವ ಹೊತ್ತಿಗೆ ಬರುತ್ತಿದ್ದ. ಬಾಗಿಲು ಹಾಕಿಕೊಂಡು, ಫ್ಯಾನ್ ಆರಿಸಿ, ತಲೆಯ ಮೇಲೂ ಒಂದು ಕೌದಿ ಹೊದ್ದು, ಮೊಬೈಲಿಗೆ ಸಣ್ಣ ಮೈಕು ಸಿಕ್ಕಿಸಿ ಕೂಡುತ್ತಿದ್ದ. ಹೊರಗೆ ಬರುವಾಗ ಅಂಗಿ ಹಿಂಡಿದರೆ ಒಂದು ಚೆಂಬು ನೀರು. ನಾನು ಎರಡು ಕರಾರು ಹಾಕಿದ್ದೆ. ಅರ್ಧ ಹೊಲಿದ ಕೌದಿ ತುಳಿಯಬಾರದು, ದೇವರನ್ನು ಬೈಯಬಾರದು.

“ದೇವರನ್ನ ಯಾಕ ಬೈಲಿ ಅತ್ತಿ? ದೇವರ ಕಮಿಟಿಯವರನ್ನ ಬೈತೀನಿ” ಎಂದ.

ಅವನು ಹಾಡುವುದಕ್ಕೆ ರ‍್ಯಾಪ್ ಎನ್ನುತ್ತಾರೆ ಎಂದು ಅವನೇ ಹೇಳಿದ. ಕೇಳಿದರೆ ನಲ್ಲಿಯ ಮುಂದೆ ಕೊಡ ಇಟ್ಟುಕೊಂಡು ಹೆಂಗಸರು ಜಗಳಾಡಿದ ಹಾಗಿತ್ತು. “ಇದರಾಗ ರಾಗ ಎಲ್ಲೈತಪ?” ಎಂದು ಕೇಳಿದೆ.

“ರಾಗ ಬ್ಯಾಡ ಅತ್ತಿ. ಸಿಟ್ಟು ತಾಳದಾಗ ಇದ್ರ ಸಾಕು.”

ಅವನ ಸಿಟ್ಟಿಗೆ ಊರಿನಲ್ಲಿ ಸಾಮಾನು ಕಡಿಮೆ ಇರಲಿಲ್ಲ. ಹಳ್ಳು-ಕಲ್ಲು ಆರಿಸದೆ ಅಕ್ಕಿ ಮಾರುವ ಮಿಲ್ಲಿನ ಸಾಹುಕಾರರ ಮೇಲೆ, ‘ಸಾಹುಕಾರ್ರ ಅಕ್ಕಿ ತಿಂದು ಮಾವನ ಹಲ್ಲು ಉದುರ್ಯಾವ, ಮಿಲ್ಲಿನ ಎದುರಿಗೆ ಹಲ್ಲಿನ ಡಾಕ್ಟರ್ ಬೋರ್ಡು ಹಾಕಿ ಕುಂತಾನ’ ಎಂದು ಕಟ್ಟಿದ. ಸಾಹುಕಾರರು ಆಟೋ ಸ್ಟ್ಯಾಂಡಿಗೆ ಆಳು ಕಳಿಸಿ, “ಅವನ ಬಾಯಿಗೆ ಬೀಗ ಹಾಕಸ್ರಿ” ಎಂದರು. ಮಿರ್ಚಿ ಅಂಗಡಿ ಈರಣ್ಣನ ಮೇಲೆ, ‘ಮೆಣಸಿನಕಾಯಿ ಊರು ಬಿಟ್ಟೈತಿ, ಹಿಟ್ಟಿಗೆ ಮನಿ ಬಾಡಿಗಿ ಕೊಟ್ಟೈತಿ’ ಎಂದು ಹಾಡಿದ. ಈರಣ್ಣ ಕುದಿಯುವ ಎಣ್ಣೆಯ ಮುಂದೆ ಜಾಲರಿ ಸೌಟು ಹಿಡಿದು ನಿಂತೇ, “ಲೇ, ನನ್ನ ಅಂಗಡಿ ಮುಂದ ನಿನ್ನ ಡಬ್ಬಾ ಆಟೋ ನಿಂದ್ರಿಸಿದ್ರ ನಿನ್ನ ಹಿಟ್ಟಿನಾಗ ಅದ್ದಿ ಕರಿತೀನಿ” ಎಂದ. ಅವನು, “ಕರಿ ಈರಣ್ಣ, ಒಳಗ ಏನರ ಒಂದು ಇದ್ದಂಗಾತು” ಎಂದು ಗಾಡಿ ಎಬ್ಬಿಸಿದನಂತೆ.

ನನ್ನ ಬಾಗಿಲಿನ ಹಾಡು ಕಟ್ಟಿದ ದಿನ ಮೊದಲು ನನಗೇ ಕೇಳಿಸಿದ. ನಾನು ಎರಡು ದಿನ ಚಹಾ ಕೊಡಲಿಲ್ಲ. ಮೂರನೆಯ ದಿನ ಅವನು ಬಾಗಿಲ ಹಿಂದೆ ಹೋಗಿ ನಿಂತು, ನನ್ನ ದನಿ ಮಾಡಿ, “ಮನಿಯಾಗ ಯಾರೂ ಇಲ್ರಿ, ಚಹಾನೂ ಇಲ್ರಿ” ಎಂದ. ನಕ್ಕುಬಿಟ್ಟೆ. ಚಹಾ ಕೊಡಬೇಕಾಯಿತು.

ಇನ್ನು ಅವನ ಅವ್ವ, ಹುಲಿಗೆಮ್ಮ. ಬಾಳೆತೋಟದ ಕೆಲಸ ಮುಗಿಸಿ ಮಧ್ಯಾಹ್ನ ಮನೆಗೆ ಬಂದು, ಆಗಲೇ ಮಾಡಿಟ್ಟ ರೊಟ್ಟಿಗೆ ಪಲ್ಯ ಬಿಸಿ ಮಾಡಿ, ಮಗನನ್ನು ಕರೆಯಲು ಕಾಲುವೆ ದಂಡೆಗೆ ಬರುತ್ತಿದ್ದಳು. ಕಾಲುವೆಗೆ ಕಲ್ಲಿನ ಸಣ್ಣ ಸೇತುವೆ ಇದೆ, ಇಪ್ಪತ್ತು ಹೆಜ್ಜೆ ನಡೆದರೆ ನಮ್ಮ ಹಿತ್ತಲ ಬಾಗಿಲು. ಅವಳು ನಡೆಯುತ್ತಿರಲಿಲ್ಲ. ಆಚೆ ದಂಡೆಯಲ್ಲೇ ನಿಂತು ಕೂಗುತ್ತಿದ್ದಳು. ಅಷ್ಟು ದೂರದಿಂದ ಕೂಗಿ ಕೂಗಿಯೇ ಅವಳ ದನಿ ಅಷ್ಟು ಉದ್ದವಾಗಿತ್ತು ಎಂದು ನನಗೆ ಈಗ ಅನ್ನಿಸುತ್ತದೆ.

ಮೊದಲು, “ತಮ್ಮಾ…” ಸ್ವಲ್ಪ ಹೊತ್ತು ಬಿಟ್ಟು, “ಉಣ್ಣಾಕ ಬಾರೋ…” ಕೊನೆಗೆ, “ಬರ್ತೀಯೋ ರೊಟ್ಟಿ ನಾಯಿಗೆ ಹಾಕ್ಲ್ಯೋ…” ಮೂರನೆಯದು ಆದ ಮೇಲೆಯೇ ಅವನು ಬಾಗಿಲು ತೆರೆದು ಹೊರಗೆ ಬರುತ್ತಿದ್ದ. ಎರಡು ವರ್ಷದಲ್ಲಿ ಯಾವ ನಾಯಿಗೂ ಒಂದು ಚೂರು ರೊಟ್ಟಿ ಸಿಗಲಿಲ್ಲ.

ಒಮ್ಮೆ ನಾನು ಈಚೆ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಅವಳು ಆಚೆಯಿಂದ ದೂರು ಹೇಳಿದಳು. “ನೋಡ್ರಿ ಅಮ್ಮಾರ, ಗಂಟಲು ಹರಕೊಂಡು ಒದರ್ತೀನಿ. ಒಂದ ಸಲನರ ‘ಬಂದೆ’ ಅಂತ ಓಗೊಡಬಾರದೇನ್ರಿ ಇವ? ನಾ ಏನು ಕಲ್ಲಿಗೆ ಕೂಗ್ತೀನೇನು?”

ನಾನು ಅವನಿಗೆ ಹೇಳಿದೆ. ಅವನು ನಕ್ಕ. “ಅವ್ವ ಮೂರು ಸಲ ಕೂಗಿದ ಮ್ಯಾಲೇ ಹಾಡು ಮುಗೀತೈತಿ ಅತ್ತಿ. ಅಲ್ಲೀತನ ನಾ ಮಷಿನ್ ಬಂದ್ ಮಾಡಂಗಿಲ್ಲ.” ಇದೂ ಅವನ ಹುಡುಗಾಟಿಕೆಯ ಮಾತು ಎಂದುಕೊಂಡೆ.

ಹೋದ ವರ್ಷ ಮಳೆಗಾಲದ ಕೊನೆಗೆ ಅವನಿಗೆ ಡೆಂಗಿ ಜ್ವರ ಬಂತು. ಆರು ದಿನ. ತನ್ನ ಆಟೋದ ಹಿಂದಿನ ಸೀಟಿನಲ್ಲಿ ಕುಳಿತು ಹೊಸಪೇಟೆಗೆ ಹೋದವನು ಬಳ್ಳಾರಿ ದೊಡ್ಡಾಸ್ಪತ್ರೆಯಿಂದ ಆಂಬುಲೆನ್ಸಿನಲ್ಲಿ ಹೆಣವಾಗಿ ಮರಳಿದ. ಇಪ್ಪತ್ತೇಳು ವಯಸ್ಸು. ನಾನು ಕಾಲುವೆಯ ಈಚೆ ನಿಂತು ನೋಡಿದೆ. ಆ ಇಪ್ಪತ್ತು ಹೆಜ್ಜೆ ನಾನೂ ನಡೆಯಲಿಲ್ಲ.

ಅವನ ಗೆಳೆಯ ಅನಿಲ ಹೊಸಪೇಟೆಯಲ್ಲಿ ಫೋಟೋ ಸ್ಟುಡಿಯೋದವನು, ಮದುವೆ ವಿಡಿಯೋ ಜೋಡಿಸುವುದರಲ್ಲಿ ಪಳಗಿದ ಕೈ. ಅನಿಲ ಗೆಳೆಯನ ಮೊಬೈಲಿನಲ್ಲಿದ್ದ ಹಾಡುಗಳನ್ನೆಲ್ಲ ತೆಗೆದು, ತಾಳ ಸೇರಿಸಿ, ಆಲ್ಬಮ್ ಮಾಡಿ ಬಿಡುತ್ತೇನೆ ಎಂದ. ಒಂದು ಹಾಡಿನ ತುಣುಕನ್ನು ಮೊದಲೇ ಬಿಟ್ಟ. ಅದು ಈರಣ್ಣನ ಮಿರ್ಚಿಯದು. ಹಂಪಿ ನೋಡಲು ಬಂದ ಹುಡುಗರು ಈರಣ್ಣನ ಅಂಗಡಿ ಹುಡುಕಿಕೊಂಡು ಬಂದು, ಮಿರ್ಚಿ ಸೀಳಿ, ಒಳಗೆ ನೋಡಿ, ಫೋಟೋ ತೆಗೆದುಕೊಳ್ಳತೊಡಗಿದರು.

ಆಗ ನೋಡಬೇಕಿತ್ತು ನೀವು ಊರನ್ನು. ಅದ್ದಿ ಕರಿಯುತ್ತೇನೆ ಎಂದಿದ್ದ ಈರಣ್ಣ ಅಂಗಡಿಗೆ ಅವನ ಫೋಟೋ ಹಾಕಿ, ಮಾಲೆ ಹಾಕಿ, “ಈ ಹಾಡು ಕಟ್ಟಿದ್ದು ಇಲ್ಲೇ, ಈ ಬೆಂಚಿನ ಮ್ಯಾಲ” ಎಂದು ಬಂದವರಿಗೆಲ್ಲ ತೋರಿಸತೊಡಗಿದ. ಸಾಹುಕಾರರು ಕಾರು ತಂದು ನಮ್ಮ ಮನೆ ಮುಂದೆ ನಿಲ್ಲಿಸಿ, ಬಾಗಿಲಿಗೆ ಮುಖ ಮಾಡಿ, “ಅಮ್ಮಾರ, ನನ್ನ ಮ್ಯಾಲ ಒಂದು ಪೂರ್ತಿ ಹಾಡು ಐತಂತಲ್ರಿ? ಈರಣ್ಣಂದಕ್ಕಿಂತ ಉದ್ದ ಐತೇನ್ರಿ?” ಎಂದು ಕೇಳಿದರು. ಎಲ್ಲರಿಗಿಂತ ಪಾಪ ಅನ್ನಿಸಿದ್ದು ಬಸ್‌ಸ್ಟ್ಯಾಂಡ್ ಹತ್ತಿರದ ಟೇಲರನನ್ನು ಕಂಡು. “ಅವನ ಆ ದೊಡ್ಡ ಅಂಗಿ ಅಳತಿ ತಪ್ಪಿಸಿ ಹೊಲದಾಂವ ನಾನ್ರಿ! ಅದರ ಮ್ಯಾಲ ಒಂದು ಸಾಲೂ ಬೈದಿಲ್ಲೇನ್ರಿ ಅವ?” ಎಂದು ಕಣ್ಣಲ್ಲಿ ನೀರು ತಂದುಕೊಂಡ.

ನಾನು ಅನಿಲನನ್ನು ಕೇಳಿದೆ, ಇರುವಾಗ ಬೇಡವಾದದ್ದು ಈಗ ಯಾಕೆ ಇಷ್ಟು ಬೇಕು ಎಂದು. “ಇನ್ನೊಂದು ಬರಂಗಿಲ್ಲ ಅಂತ ಗೊತ್ತಿರತೈತಲ್ಲ ಅತ್ತಿ, ಅದಕ್ಕ” ಎಂದ. ಇರಬಹುದು. ನನಗೆ ತೋಚಿದ್ದು ಬೇರೆ. ಅವನು ಬೈದ ಮೇಲೆ ಬೈಸಿಕೊಂಡವರ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದ. ಅವನು ನೋಡುತ್ತಿರುವಾಗ ಸಿಟ್ಟಾಗದಿದ್ದರೆ ಮರ್ಯಾದೆ ಹೋದ ಹಾಗೆ. ಈಗ ನೋಡುವವನು ಇಲ್ಲ, ಎಲ್ಲರೂ ಆರಾಮವಾಗಿ ನಗಬಹುದು. ಮಿರ್ಚಿಯಲ್ಲಿ ಮೆಣಸಿನಕಾಯಿ ಇಲ್ಲದ್ದು ಈರಣ್ಣನಿಗೆ ಮೊದಲಿಂದಲೂ ಗೊತ್ತಿತ್ತಲ್ಲ.

ಆಲ್ಬಮ್ ಬಿಡುವ ಮೊದಲು ಅವನ ಅವ್ವನಿಗೆ ಕೇಳಿಸಬೇಕು ಎಂದು ಅನಿಲ ಹಟ ಹಿಡಿದ. ಹಾಡಿದ ಖೋಲಿಯಲ್ಲೇ ಕೇಳೋಣ ಎಂದು ನಮ್ಮ ಮನೆಗೆ ಲ್ಯಾಪ್‌ಟಾಪ್ ತಂದ. ಆಟೋ ಸ್ಟ್ಯಾಂಡಿನಲ್ಲಿ ದೊಡ್ಡ ಸ್ಪೀಕರ್ ಹಚ್ಚಿಸಿ ಬಿಡುಗಡೆ ಮಾಡಿಸುವವರು ತಾವೇ ಎಂದು ಸಾಹುಕಾರರು ಬಂದರು. ಒಂದು ಬುಟ್ಟಿ ಮಿರ್ಚಿಯೊಂದಿಗೆ ಈರಣ್ಣ ಬಂದ. ಮೆಣಸಿನಕಾಯಿ ಇದ್ದವು, ನೋಡಿದೆ.

ಹುಲಿಗೆಮ್ಮ ಒಳಗೆ ಇರಲಿಲ್ಲ. ಹಿತ್ತಲಿಗೆ ಹೋಗಿ ನೋಡಿದರೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಸೆರಗು ಹಿಡಿದು ನಿಂತಿದ್ದಳು. ಸೇತುವೆ ದಾಟಿದ್ದಳು, ಅಷ್ಟೇ.

“ಒಳಗ ಬರ್ರಿ” ಎಂದೆ.

“ಇಲ್ಲೇ ಕೇಳಸ್ತೈತ್ರಿ ಅಮ್ಮಾರ.”

“ಇಲ್ಲಿ ಏನೂ ಕೇಳ್ಸಂಗಿಲ್ಲ. ಆ ಖೋಲಿ ಮೂಕ ಐತಿ, ನಿಮ್ಮ ಮಗನೇ ಹೇಳ್ತಿದ್ದ. ಬರ್ರಿ.” ಕೈ ಹಿಡಿದುಕೊಂಡೆ. ಇಬ್ಬರ ಕೈಯೂ ಒರಟು. ಒಳಗೆ ಕರೆದು ತಂದು ಹೊಸ ಕೌದಿಯ ಮೇಲೆ ಕೂಡಿಸಿದೆ. ಸಾಹುಕಾರರಿಗೆ ಅದೇ ಹೊತ್ತಿಗೆ ಮೊಬೈಲಿನಲ್ಲಿ ಏನೋ ಬಹಳ ಮುಖ್ಯವಾದದ್ದು ಕಂಡಿತು. ನಾನು ನನ್ನ ಜಾಗಕ್ಕೆ, ಬಾಗಿಲ ಹಿಂದೆ ಹೋದೆ.

ಅನಿಲ ಒಂದೊಂದೇ ಹಾಡು ಹಾಕಿದ. ತೊಳೆದಿಟ್ಟ ತಟ್ಟೆಯಂತೆ ಸ್ವಚ್ಛವಾಗಿದ್ದವು. ಸಾಹುಕಾರರು ತಮ್ಮ ಹಾಡಿಗೆ ತಲೆದೂಗಿ, “ಮಸ್ತ್ ಬೈದಾನ” ಎಂದರು. ಎಲ್ಲ ಮುಗಿದ ಮೇಲೆ ಹುಲಿಗೆಮ್ಮ ಕೇಳಿದಳು: “ನಾ ಕೂಗಿದ್ದು ಎಲ್ಲೂ ಬರಲಿಲ್ಲಲ್ಲಪ?”

“ಎಲ್ಲಾ ತಗದೀನಿ ಅವ್ವ” ಎಂದ ಅನಿಲ, ಹೆಮ್ಮೆಯಿಂದ. “ಪ್ರತಿ ಹಾಡಿನ ಕೊನಿಗೂ ಇತ್ತು. ಮದುವಿ ವಿಡಿಯೋದಾಗ ಅಡಿಗಿಯವರ ಗದ್ಲ ತಗೀತೀವಲ್ಲ, ಹಂಗ. ಒಂದೂ ಉಳಿದಿಲ್ಲ.”

ಅವಳು ಕೌದಿಯ ಒಂದು ಚೂರನ್ನು ಬೆರಳಿಂದ ಸವರುತ್ತ ಕುಳಿತಳು. “ಚಲೋ ಮಾಡಿದಿ. ಎಲ್ಲಾ ಹಾಡು ಕೆಡಿಸಿದಾಕಿ ನಾನ. ಒಳಗ ಅಂವ ಅಷ್ಟು ಕಷ್ಟಪಟ್ಟು ಹಾಡ್ತಿದ್ದ, ನಾ ಹೊರಗ ನಾಯಿಗತೆ ಒದರ್ತಿದ್ದೆ. ಅದಕ್ಕ ಅಂವ ಒಂದ ಸಲನೂ ಓಗೊಡಲಿಲ್ಲ. ಸಿಟ್ಟು ಬಂದಿರತೈತಿ.”

ಮಕ್ಕಳೇ, ಅವಳು ಹಾಗೆಂದುಕೊಂಡೇ ಉಳಿದ ಆಯುಷ್ಯ ಕಳೆಯುತ್ತಾಳಲ್ಲ ಅನ್ನಿಸಿತು. ಹಾಗಲ್ಲ ಎನ್ನುವುದು ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

“ಆ ಕೂಗು ಇರ್ಲಿ” ಎಂದೆ.

ಎಲ್ಲರೂ ಸುತ್ತ ನೋಡಿದರು. ಈರಣ್ಣ, “ಬಾಗಿಲು ಮಾತಾಡ್ತಲೇ!” ಎಂದ.

ನಾನು ಬಾಗಿಲ ಹಿಂದಿನಿಂದ ಹೊರಗೆ ಬಂದೆ. ಕಂಬ ಹಿಡಿದುಕೊಂಡು ನಿಂತೆ. “ಅವ್ವ ಮೂರು ಸಲ ಕೂಗಿದ ಮ್ಯಾಲೇ ಹಾಡು ಮುಗೀತೈತಿ ಅಂತ ಅಂವ ಹೇಳ್ಯಾನ. ಮೂರು ಕೂಗು ಆಗೂತನ ಮಷಿನ್ ಬಂದ್ ಮಾಡ್ತಿರಲಿಲ್ಲ. ಅಂವ ಇಟ್ಟಿದ್ದನ್ನ ತಗೀಬ್ಯಾಡ ಅನಿಲ.”

ಸಾಹುಕಾರರು ಮೊಬೈಲಿನಿಂದ ತಲೆ ಎತ್ತಿದರು. “ಅಮ್ಮಾರ, ನಾಳೆ ಬಳ್ಳಾರಿತನ ಕೇಳೋ ಹಾಡು. ಅದರಾಗ ರೊಟ್ಟಿ, ನಾಯಿ, ಇವೆಲ್ಲಾ ಯಾಕ್ರಿ?”

“ನಿಮ್ಮ ಅಕ್ಕ್ಯಾಗ ಹಳ್ಳು ಇರಬೌದು, ಅವನ ಹಾಡಿನಾಗ ಅವರವ್ವ ಇರಬಾರದೇನ್ರಿ?”

ಈ ಮಾತು ನನ್ನ ಬಾಯಿಂದಲೇ ಬಂತು ಎಂದು ನನಗೆ ತಿಳಿದದ್ದು ಈರಣ್ಣ ಬುಟ್ಟಿ ಬಿಟ್ಟು ಹೊಟ್ಟೆ ಹಿಡಿದುಕೊಂಡಾಗ. ಗಂಡಸೊಬ್ಬರಿಗೆ ನಾನು ಎದುರು ಮಾತಾಡಿದ್ದು ಜೀವಮಾನದಲ್ಲಿ ಅದೇ ಮೊದಲು. ನಿಮ್ಮ ಅಜ್ಜನಿಗೆ ಆಡಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸಾಹುಕಾರರು ಕೆಂಪಾದರು. ಆಮೇಲೆ, “ಇದನ್ನೂ ಅಂವ ಕಲಿಸಿ ಹೋಗ್ಯಾನೇನು?” ಎಂದು ತಾವೂ ನಕ್ಕರು.

“ತಗದದ್ದು ಎಲ್ಲೂ ಹೋಗಿಲ್ಲ, ಮೂಲ ಐತಿ” ಎಂದು ಅನಿಲ ಅವನು ಕಡೆಯದಾಗಿ ತುಂಬಿಸಿದ ಹಾಡನ್ನು ಹುಡುಕಿ ತೆಗೆದ. “ಕೂಗು ಶುರುವಾಗೋ ಜಾಗದಾಗ ನಾ ಕತ್ತರಿ ಹಾಕ್ತಿದ್ದೆ. ಅದರ ಮುಂದ ಏನೈತೋ ನಾನೂ ಕೇಳಿಲ್ಲ.”

ಹಾಡು ಮುಗಿಯಿತು. ದೂರದಿಂದ, ನೀರಿನ ಆಚೆಯಿಂದ ಬಂತು: “ತಮ್ಮಾ…”

ಮೈಕಿನ ಹತ್ತಿರ, ಕಿವಿಯಲ್ಲಿ ಹೇಳಿದಷ್ಟು ಮೆಲ್ಲಗೆ ಅವನ ದನಿ: “ಬಂದೆ ಬೇ.”

“ಉಣ್ಣಾಕ ಬಾರೋ…”

“ಬಂದೆ ಅಂದ್ನಲ್ಲ ಬೇ.”

“ಬರ್ತೀಯೋ ರೊಟ್ಟಿ ನಾಯಿಗೆ ಹಾಕ್ಲ್ಯೋ…”

“ಯಾವ ನಾಯಿಗೆ? ಹೆಸರು ಹೇಳು.”

ಅನಿಲ ಇನ್ನೊಂದು ಹಾಡಿನ ಮೂಲ ತೆಗೆದ, ಮತ್ತೊಂದು ತೆಗೆದ. ಎಲ್ಲದರಲ್ಲೂ ಇತ್ತು. ಎರಡು ವರ್ಷ, ಪ್ರತಿ ಮಧ್ಯಾಹ್ನ, ಅವಳ ಪ್ರತಿ ಕೂಗಿಗೂ ಅವನು ಓಗೊಟ್ಟಿದ್ದ. ನನ್ನ ಕೌದಿಗಳು ಅದನ್ನು ಆಚೆ ದಂಡೆಗೆ ಹೋಗಗೊಡಲಿಲ್ಲ. ಬಾಗಿಲಾಚೆ ಹೊಲಿಯುತ್ತ ಕುಳಿತ ನನಗೂ ಕೇಳಗೊಡಲಿಲ್ಲ.

ಮೊದಲು ಹಾಕಿದ್ದ ಆ ಕಡೆಯ ಹಾಡನ್ನು ಅನಿಲ ಪುನಃ ಹಚ್ಚಿ ಪೂರ್ತಿ ಬಿಟ್ಟ. ನಾಯಿಯ ಹೆಸರು ಕೇಳಿದ ಮೇಲೆ ಅವನ ಮಾತು ಇನ್ನೂ ಒಂದು ಇತ್ತು. ಕೌದಿ ಸರಿಸುವ ಸದ್ದಾಗುತ್ತದೆ, ಅವನು ಕೇಳುತ್ತಾನೆ, “ಪಲ್ಯ ಏನೈತಿ ಬೇ?” ಆಮೇಲೆ ಏನೂ ಇಲ್ಲ. ಅವನು ಉತ್ತರಕ್ಕೆ ಕಾಯುತ್ತಾನೆ, ಉಸಿರು ಮಾತ್ರ ಕೇಳುತ್ತದೆ. ಅನಿಲ ಅದನ್ನು ಒಂದಿಷ್ಟೂ ಕತ್ತರಿಸದೆ ಆಲ್ಬಮ್ಮಿನ ಕೊನೆಯಲ್ಲಿ ಇಟ್ಟಿದ್ದಾನೆ, ಕೇಳಿ ನೋಡಿ. ಅಂದು ನಮ್ಮ ಖೋಲಿಯಲ್ಲಿ ಅವನು ಕಾಯುತ್ತಿರುವಾಗ ಬಂದ ಮಾತು ಮಾತ್ರ ಅದರಲ್ಲಿಲ್ಲ. ಅದು ಹಾಗೇ ಹೋಗಬಾರದು ಎಂದು ಇಲ್ಲಿ ಬರೆಯುತ್ತಿದ್ದೇನೆ.

“ಹೆಸರುಕಾಳು ಐತಲೋ” ಎಂದಳು ಹುಲಿಗೆಮ್ಮ, ಲ್ಯಾಪ್‌ಟಾಪಿನ ಕಡೆಗೆ ಬಾಗಿ. “ಬಿಸಿ ಐತಿ, ಬಾ.”